ಪರಮಾಣು ಹಿಡಿದು ನಕ್ಷತ್ರ, ಗ್ರಹ, ಜೀವ ಮೂರನ್ನೂ ಓದುವುದು ಹೇಗೆ

ಒಂದು ಇದ್ದಿಲಿನ ಚೂರು ತೆಗೆದುಕೊಳ್ಳಿ. ಅದನ್ನು ಸುಟ್ಟರೆ ಒಂದೊಂದು ಇಂಗಾಲದ ಪರಮಾಣುವಿನಿಂದ ಸುಮಾರು 4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಗೆ ಬರುತ್ತದೆ. ಎಲೆಕ್ಟ್ರಾನ್ ವೋಲ್ಟ್ ಅಂದರೆ ಪರಮಾಣುಗಳ ಲೋಕದ ಚಿಲ್ಲರೆ ಕಾಸು, ಅಷ್ಟು ತಿಳಿದರೆ ಸಾಕು. ಈಗ ಅದೇ ಇಂಗಾಲ ಹುಟ್ಟಿದ ಗಳಿಗೆಗೆ ಹೋಗಿ. ಯಾವುದೋ ಹಳೆಯ ನಕ್ಷತ್ರದ ಹೊಟ್ಟೆಯೊಳಗೆ ಮೂರು ಹೀಲಿಯಂ ಬೆಸೆದು ಅದು ಹುಟ್ಟಿತಲ್ಲ, ಆಗ ಬಂದ ಶಕ್ತಿ ಸುಮಾರು 73 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಪರಮಾಣು ಒಂದೇ. ಆದರೆ 4 ಎಲ್ಲಿ, 73 ಲಕ್ಷ ಎಲ್ಲಿ!

ಈ ಅಂತರ ಎಲ್ಲಿಂದ ಬಂತು ಅನ್ನುವುದು ಒಮ್ಮೆ ಮನಸ್ಸಿಗೆ ಇಳಿದರೆ, ಸೂರ್ಯ ಯಾಕೆ ಉರಿಯುತ್ತಾನೆ, ಭೂಮಿಯ ನಡುವೆ ಯಾಕೆ ಕಬ್ಬಿಣ ಇದೆ, ನಮ್ಮ ರಕ್ತ ಹೇಗೆ ಉಸಿರನ್ನು ಹೊರುತ್ತದೆ ಎಂಬ ಪ್ರಶ್ನೆಗಳೆಲ್ಲ ಒಂದೇ ದಾರದಲ್ಲಿ ಕೋದ ಹಾಗೆ ಕಾಣುತ್ತವೆ. ನಾನು ಇದನ್ನೆಲ್ಲ ಬೇರೆ ಬೇರೆ ಪುಸ್ತಕಗಳಲ್ಲಿ, ಬೇರೆ ಬೇರೆ ಪರೀಕ್ಷೆಗೆ ಓದಿದವನು. ಮೂರೂ ಒಂದೇ ಕಥೆ ಅಂತ ಗೊತ್ತಾಗಲು ವರ್ಷಗಳೇ ಬೇಕಾದವು. ನಿಮಗೆ ಅಷ್ಟು ಹೊತ್ತು ಹಿಡಿಯಬಾರದು ಅಂತ, ನಾನು ಈಗ ಓದುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಗಣಿತ ಬೇಡ. ಒಂದು ಆವರ್ತ ಕೋಷ್ಟಕ, ಒಂದು ಹಳೆ ಸಿಡಿ, ಒಂದು ರಟ್ಟಿನ ಡಬ್ಬ, ಒಂದು ನೋಟ್‌ಬುಕ್ ಇಷ್ಟಿದ್ದರೆ ಆಯಿತು.

ಮೊದಲು ಹಳೆಯ ಚಿತ್ರ ಅಳಿಸಿ

ನಡುವೆ ಒಂದು ಚೆಂಡು, ಸುತ್ತ ಗ್ರಹಗಳ ಹಾಗೆ ಓಡುವ ಎಲೆಕ್ಟ್ರಾನು, ಈ ಚಿತ್ರ ಎಲ್ಲರ ತಲೆಯಲ್ಲೂ ಇದೆ ಅಲ್ವಾ? ಅದನ್ನು ಬಿಟ್ಟುಬಿಡಿ. ಎರಡು ಕಾರಣ ಇದೆ. ಒಂದು, ಎಲೆಕ್ಟ್ರಾನ್ ಹಾಗೆ ಗೆರೆ ಎಳೆದ ದಾರಿಯಲ್ಲಿ ಸುತ್ತುವುದಿಲ್ಲ, ಅದು ನ್ಯೂಕ್ಲಿಯಸ್ಸಿನ ಸುತ್ತ ಮಂಜಿನ ಹಾಗೆ ಹರಡಿಕೊಂಡಿರುತ್ತದೆ. ಎರಡು, ಆ ಚಿತ್ರದಲ್ಲಿ ಅಳತೆ ಪೂರ್ತಿ ತಪ್ಪು. ಹೈಡ್ರೋಜನ್ ಪರಮಾಣು ಅದರ ನಡುವಿನ ಪ್ರೋಟಾನಿಗಿಂತ ಸುಮಾರು 60 ಸಾವಿರ ಪಟ್ಟು ಅಗಲ. ಪ್ರೋಟಾನನ್ನು ಒಂದು ಸಾಸಿವೆ ಕಾಳು ಅಂದುಕೊಂಡರೆ ಪರಮಾಣುವಿನ ಅಂಚು ಒಂದು ಫುಟ್‌ಬಾಲ್ ಮೈದಾನದಷ್ಟು ದೂರಕ್ಕೆ ಹರಡುತ್ತದೆ. ತೂಕವೆಲ್ಲ ಮಾತ್ರ ಆ ಕಾಳಿನಲ್ಲೇ ಇದೆ. ಒಂದು ಪ್ರೋಟಾನ್ ಸುಮಾರು 1,836 ಎಲೆಕ್ಟ್ರಾನುಗಳಷ್ಟು ತೂಗುತ್ತದೆ. 1911ರಲ್ಲಿ ರುದರ್‌ಫೋರ್ಡ್ ಈ ನ್ಯೂಕ್ಲಿಯಸ್ ಇದೆ ಅಂತ ತೋರಿಸುವವರೆಗೆ ಇಷ್ಟೊಂದು ಖಾಲಿ ಜಾಗ ಇರಬಹುದು ಅಂತ ಹೆಚ್ಚಿನವರು ಎಣಿಸಿರಲಿಲ್ಲ.

ನಾನು ಇದಕ್ಕೆ ಎರಡು ಹೆಸರು ಇಟ್ಟುಕೊಂಡಿದ್ದೇನೆ. ನ್ಯೂಕ್ಲಿಯಸ್ಸಿಗೆ ಒಳಮನೆ. ಎಲೆಕ್ಟ್ರಾನ್ ಮಂಜಿಗೆ ಅಂಗಳ. ಒಳಮನೆಯಲ್ಲಿ ಪ್ರೋಟಾನು ಮತ್ತು ನ್ಯೂಟ್ರಾನುಗಳು ಬಹಳ ಬಿಗಿಯಾಗಿ, ಆದರೆ ಮೈಗೆ ಮೈ ತಾಗುವಷ್ಟು ಹತ್ತಿರ ಇದ್ದಾಗ ಮಾತ್ರ ಹಿಡಿಯುವ ಒಂದು ಬಲದಿಂದ ಕೂಡಿಕೊಂಡಿವೆ. ಅಂಗಳದಲ್ಲಿ ಎಲೆಕ್ಟ್ರಾನುಗಳು ವಿದ್ಯುತ್ತಿನ ಸೆಳೆತದಿಂದ ಸಡಿಲವಾಗಿ ನಿಂತಿವೆ. ಇದ್ದಿಲು ಉರಿಯುವುದು ಅಂಗಳದ ವ್ಯವಹಾರ, ಅದಕ್ಕೇ 4. ಇಂಗಾಲ ಹುಟ್ಟುವುದು ಒಳಮನೆಯ ವ್ಯವಹಾರ, ಅದಕ್ಕೇ 73 ಲಕ್ಷ. ಹತ್ತು ಲಕ್ಷ ಪಟ್ಟಿಗೂ ಹೆಚ್ಚು ವ್ಯತ್ಯಾಸ. ಈ ಒಂದು ಅಂಕೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ.

ಇನ್ನು ಮುಂದೆ ಏನನ್ನೇ ನೋಡಿದರೂ ಒಂದೇ ಪ್ರಶ್ನೆ ಕೇಳಿ: ಇದು ಒಳಮನೆಯ ಕೆಲಸವೋ ಅಂಗಳದ ಕೆಲಸವೋ? ಬೆಂಕಿ, ತುಕ್ಕು, ಬಣ್ಣ, ರುಚಿ, ವಾಸನೆ, ಕಲ್ಲಿನ ಗಟ್ಟಿತನ, ನೀರಿನ ಹರಿವು, ಯೋಚನೆ, ನೋವು, ಇವೆಲ್ಲ ಅಂಗಳದ್ದು. ಸೂರ್ಯನ ಶಕ್ತಿ, ಧಾತುಗಳ ಹುಟ್ಟು, ಭೂಮಿಯ ಒಳಗಿನ ಶಾಖದಲ್ಲಿ ಒಂದು ದೊಡ್ಡ ಪಾಲು, ಇವು ಒಳಮನೆಯದ್ದು. ಉಷ್ಣತೆ ನೋಡಿಯೂ ಹೇಳಬಹುದು. ಸಾವಿರ ಡಿಗ್ರಿಗಳಲ್ಲಿ ನಡೆಯುವುದು ಅಂಗಳದಲ್ಲೇ ಮುಗಿಯುತ್ತದೆ. ಎರಡು ನ್ಯೂಕ್ಲಿಯಸ್ ಬೆಸೆಯಬೇಕಾದರೆ ಕೋಟಿ ಡಿಗ್ರಿ ಬೇಕು. ವಿಕಿರಣ ಸೂಸುವ ಧಾತುಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅವುಗಳ ಒಳಮನೆ ಚಳಿಗೂ ಬಿಸಿಗೂ ಕೇಳದೆ ತನ್ನಷ್ಟಕ್ಕೆ ತಾನೇ ಬದಲಾಗುತ್ತಿರುತ್ತದೆ.

ಅಂಗಳವನ್ನು ಕಣ್ಣಾರೆ ನೋಡಿ

ಓದುವುದು ನಿಲ್ಲಿಸಿ ಡಬ್ಬ ತೆಗೆದುಕೊಳ್ಳಿ. ಸುಮಾರು 25 ಸೆಂಟಿಮೀಟರ್ ಉದ್ದದ, ಸಿಡಿ ಒಳಗೆ ಹಿಡಿಸುವಷ್ಟು ಅಗಲದ ರಟ್ಟಿನ ಡಬ್ಬ ಸಾಕು. ಒಂದು ತುದಿಯಲ್ಲಿ ಒಂದು ಸಣ್ಣ ಸೀಳು ಮಾಡಿ. ಇದೇ ಇಡೀ ಕೆಲಸದ ಗುಟ್ಟು. ಸೀಳು ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಇರಬಾರದು, ಅಂಚು ನೇರವಾಗಿರಬೇಕು. ಚಾಕುವಿನಲ್ಲಿ ರಟ್ಟನ್ನೇ ಸೀಳಿದರೆ ಅಂಚು ಎಳೆ ಎಳೆಯಾಗಿ ಬಿಡುತ್ತದೆ. ಅದರ ಬದಲು ಸ್ವಲ್ಪ ದೊಡ್ಡ ಕಿಂಡಿ ಕತ್ತರಿಸಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆಯ ಎರಡು ತುಂಡುಗಳನ್ನು ಮಡಚಿ, ಮಡಚಿದ ಅಂಚುಗಳು ಎದುರುಬದುರು ಬರುವ ಹಾಗೆ ಅಂಟಿಸಿ. ನಾನು ಮೊದಲ ಸಲ ಸೀಳನ್ನು ಮೂರು ಮಿಲಿಮೀಟರ್ ಬಿಟ್ಟಿದ್ದೆ. ಕಾಮನಬಿಲ್ಲು ಚೆನ್ನಾಗೇ ಕಾಣಿಸಿತು, ಆದರೆ ಗೆರೆಗಳು ಒಂದರ ಮೇಲೊಂದು ಹರಡಿ ಕಲಸಿಹೋದವು. ನಮಗೆ ಬೇಕಾಗಿರುವುದು ಗೆರೆ.

ಎದುರು ತುದಿಯಲ್ಲಿ ಸಿಡಿಯನ್ನು ಹೊಳೆಯುವ ಮುಖ ಸೀಳಿನ ಕಡೆ ಬರುವಂತೆ, ಡಬ್ಬದ ತಳಕ್ಕೆ ಸುಮಾರು 60 ಡಿಗ್ರಿ ಓರೆಯಾಗಿ ನಿಲ್ಲಿಸಿ. ಸಿಡಿಯ ನೇರ ಮೇಲಕ್ಕೆ, ಡಬ್ಬದ ಮುಚ್ಚಳದಲ್ಲಿ ಕಣ್ಣಿಡಲು ಒಂದು ತೂತು. ಉಳಿದ ಎಲ್ಲ ಸಂದಿಗಳಿಗೆ ಕಪ್ಪು ಟೇಪ್ ಹಾಕಿ. ಸಿಡಿಯ ಮೇಲಿನ ಸಾಲುಗಳ ನಡುವೆ 1.6 ಮೈಕ್ರೋಮೀಟರ್ ಅಂತರ ಇರುತ್ತದೆ, ಅಂದರೆ ಒಂದು ಮಿಲಿಮೀಟರಿಗೆ 625 ಸಾಲು. ಅಷ್ಟು ಸಾಲುಗಳಿಂದ ಪುಟಿದ ಬೆಳಕು ಬಣ್ಣ ಬಣ್ಣವಾಗಿ ಬಿಡಿಸಿಕೊಳ್ಳುತ್ತದೆ. ನಿಮ್ಮ ಕೈಯಲ್ಲಿ ಈಗ ಒಂದು ರೋಹಿತದರ್ಶಕ ಇದೆ.

ಮೊದಲು ಮೇಣದ ಬತ್ತಿ ನೋಡಿ. ಕೆಂಪಿನಿಂದ ನೇರಳೆಯವರೆಗೆ ಎಲ್ಲೂ ಕಡಿಯದ ಪಟ್ಟಿ. ಆಮೇಲೆ ಹಳೆಯ ಟ್ಯೂಬ್‌ಲೈಟ್ ಅಥವಾ ಸಿಎಫ್ಎಲ್ ದೀಪ ಸಿಕ್ಕಿದರೆ ಅದರ ಕಡೆ ತಿರುಗಿಸಿ. ಪಟ್ಟಿಯ ಬದಲು ಬಿಡಿ ಬಿಡಿ ಗೆರೆಗಳು, ಅದರಲ್ಲಿ ಒಂದು ಹಸಿರು ಗೆರೆ ಎದ್ದು ಕಾಣುತ್ತದೆ. ಅದು ದೀಪದೊಳಗಿನ ಪಾದರಸದ್ದು. ಪಾದರಸದ ಅಂಗಳದಲ್ಲಿ ಎಲೆಕ್ಟ್ರಾನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿದಾಗ ಬಿಟ್ಟ ಬೆಳಕು. ಮೆಟ್ಟಿಲುಗಳ ನಡುವಿನ ಎತ್ತರ ಪ್ರತಿ ಧಾತುವಿಗೂ ಬೇರೆ, ಅದಕ್ಕೇ ಗೆರೆಗಳೂ ಬೇರೆ. ಹೆಬ್ಬೆಟ್ಟಿನ ಗುರುತಿದ್ದ ಹಾಗೆ.

ಮೂರನೆಯದು ನನಗೆ ಬಹಳ ಇಷ್ಟ. ಒಂದು ತಂತಿಯ ತುದಿಯನ್ನು ಉಪ್ಪು ನೀರಿನಲ್ಲಿ ಅದ್ದಿ, ಗ್ಯಾಸ್ ಒಲೆಯ ನೀಲಿ ಉರಿಗೆ ಹಿಡಿಯಿರಿ. ತಂತಿಯ ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿಯಿರಿ, ಬರಿಗೈಯಲ್ಲಿ ಬೇಡ, ಮಕ್ಕಳಿದ್ದರೆ ದೊಡ್ಡವರು ಜೊತೆಗಿರಲಿ. ಉರಿ ತಟ್ಟನೆ ಹಳದಿಯಾಗುತ್ತದೆ. ಕೋಣೆ ಕತ್ತಲು ಮಾಡಿ ಡಬ್ಬದೊಳಗೆ ನೋಡಿದರೆ ಒಂದೇ ಒಂದು ಹಳದಿ ಗೆರೆ. ಸೋಡಿಯಂ. ಅದರ ಅಲೆಯ ಉದ್ದ 589 ನ್ಯಾನೋಮೀಟರ್. ಅಸಲಿಗೆ ಅದು ಅಕ್ಕಪಕ್ಕ ನಿಂತ ಎರಡು ಗೆರೆ, ನಮ್ಮ ಡಬ್ಬಕ್ಕೆ ಅಷ್ಟು ಸೂಕ್ಷ್ಮ ಕಾಣುವುದಿಲ್ಲ.

ಕೊನೆಗೆ ಹಗಲು ಹೊತ್ತಿನಲ್ಲಿ ಬೆಳ್ಳಗಿನ ಮೋಡದ ಕಡೆ ಡಬ್ಬ ತಿರುಗಿಸಿ. ಸೂರ್ಯನ ಕಡೆ ಯಾವತ್ತೂ ಬೇಡ, ಕಣ್ಣು ಹೋಗುತ್ತದೆ. ಸೀಳು ತುಂಬ ಸಣ್ಣದಿದ್ದರೆ, ತಾಳ್ಮೆಯಿಂದ ನೋಡಿದರೆ, ಬಣ್ಣದ ಪಟ್ಟಿಯ ನಡುವೆ ಒಂದೆರಡು ತೆಳು ಕಪ್ಪು ಗೆರೆ ಕಾಣಬಹುದು. 1814ರಲ್ಲಿ ಫ್ರಾನ್‌ಹೋಫರ್ ಇಂತಹ ಐನೂರಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿದ್ದರು. ಅವು ಏನು ಅಂತ ತಿಳಿಯಲು ಇನ್ನೂ 45 ವರ್ಷ ಬೇಕಾಯಿತು. 1859ರಲ್ಲಿ ಕಿರ್ಕಾಫ್ ಮತ್ತು ಬುನ್‌ಸೆನ್ ಕಂಡುಕೊಂಡ ಸಂಗತಿ ಇದು: ಉರಿಯಲ್ಲಿ ಸೋಡಿಯಂ ಹೊಳೆಯುವ ಜಾಗದಲ್ಲೇ ಸೂರ್ಯನ ಬೆಳಕಿನಲ್ಲಿ ಕಪ್ಪು ಗೆರೆ ಇದೆ. ಸೂರ್ಯನ ಹೊರಪದರದಲ್ಲಿರುವ ಸೋಡಿಯಂ ತನಗೆ ಬೇಕಾದ ಬಣ್ಣವನ್ನು ಹೀರಿಕೊಂಡಿದೆ. ನಿಮ್ಮ ಒಲೆಯ ಮೇಲಿನ ಉಪ್ಪಿನಲ್ಲಿರುವ ಧಾತುವೇ ಅಲ್ಲೂ ಇದೆ. ಹೀಲಿಯಂ ಸಿಕ್ಕಿದ್ದೂ ಹೀಗೆ. 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಸೋಡಿಯಂ ಗೆರೆಯ ಪಕ್ಕದಲ್ಲೇ, ಆದರೆ ಅದಲ್ಲದ ಇನ್ನೊಂದು ಹಳದಿ ಗೆರೆ ಕಂಡಿತು. ಆ ಧಾತು ಭೂಮಿಯ ಮೇಲೆ ಕೈಗೆ ಸಿಕ್ಕಿದ್ದು 1895ರಲ್ಲಿ. ಮೊದಲು ಸೂರ್ಯನಲ್ಲಿ, ಆಮೇಲೆ ಮನೆಯಲ್ಲಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಗೆರೆ ಗಾಢವಾಗಿದ್ದರೆ ಆ ಧಾತು ಜಾಸ್ತಿ ಇದೆ ಅಂತ ಅಂದುಕೊಳ್ಳುವುದು. ಸೂರ್ಯನ ಬೆಳಕಿನಲ್ಲಿ ಕ್ಯಾಲ್ಸಿಯಂ ಗೆರೆಗಳು ಬಹಳ ದಟ್ಟ, ಆದರೆ ಅಲ್ಲಿ ಒಂದು ಕ್ಯಾಲ್ಸಿಯಂ ಪರಮಾಣುವಿಗೆ ಲಕ್ಷಗಟ್ಟಲೆ ಹೈಡ್ರೋಜನ್ ಪರಮಾಣುಗಳಿವೆ. ಗೆರೆ ಎಷ್ಟು ಗಾಢ ಅನ್ನುವುದು ಆ ಬಿಸಿಯಲ್ಲಿ ಅಂಗಳದ ಎಲೆಕ್ಟ್ರಾನುಗಳು ಯಾವ ಮೆಟ್ಟಿಲಲ್ಲಿ ನಿಂತಿವೆ, ಎಷ್ಟು ಉದುರಿಹೋಗಿವೆ ಎಂಬುದರ ಮೇಲೂ ನಿಂತಿದೆ. ಅದನ್ನು ಲೆಕ್ಕ ಹಾಕುವ ಸೂತ್ರ ಕೊಟ್ಟವರು ಮೇಘನಾದ್ ಸಾಹಾ, 1920ರಲ್ಲಿ. ಆ ಸೂತ್ರ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ, ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಎಲ್ಲಕ್ಕಿಂತ ಬಹಳ ಬಹಳ ಜಾಸ್ತಿ ಅಂತ ಲೆಕ್ಕ ತೆಗೆದರು. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಅದು ಅಸಾಧ್ಯ ಅಂದಿದ್ದರಿಂದ, ತಮ್ಮದೇ ಪ್ರಬಂಧದಲ್ಲಿ ಆ ಫಲಿತಾಂಶ ನಿಜವಿರಲಾರದು ಅಂತ ಬರೆಯಬೇಕಾಯಿತು. ನಾಲ್ಕು ವರ್ಷದ ಮೇಲೆ ರಸೆಲ್ಲರೇ ಅದು ಸರಿ ಅಂತ ಒಪ್ಪಿಕೊಂಡರು. ಸೂರ್ಯ ಭೂಮಿಯ ಹಾಗೆ ಕಬ್ಬಿಣ, ಕಲ್ಲುಗಳಿಂದ ಆಗಿದ್ದಾನೆ ಅಂತ ಇಡೀ ಲೋಕ ನಂಬಿದ್ದ ಕಾಲದಲ್ಲಿ 25ರ ಹುಡುಗಿ ಕಂಡ ಸತ್ಯ ಅದು. ನನಗೆ ಆ ಘಟನೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಳಮನೆಯ ಲೆಕ್ಕ: ನಕ್ಷತ್ರ

ಹೈಡ್ರೋಜನ್ ಜಾಸ್ತಿ ಅಂತ ಗೊತ್ತಾದ ಮೇಲೆ ಮುಂದಿನ ಹೆಜ್ಜೆ ಸುಲಭ. ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆಗುತ್ತದೆ. ನಾಲ್ಕನ್ನು ತೂಗಿ, ಆಮೇಲೆ ಒಂದನ್ನು ತೂಗಿದರೆ 0.7 ಶೇಕಡ ಕಡಿಮೆ ಬರುತ್ತದೆ. ಒಂದು ಕಿಲೋ ಹೈಡ್ರೋಜನ್ ಹಾಕಿದರೆ 993 ಗ್ರಾಂ ಹೀಲಿಯಂ, ಉಳಿದ 7 ಗ್ರಾಂ ಶಕ್ತಿಯಾಗಿ ಹೋಯಿತು. ಸೂರ್ಯನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಗೆ ಬೆಸೆಯುತ್ತದೆ, 40 ಲಕ್ಷ ಟನ್ ಶಕ್ತಿಯಾಗುತ್ತದೆ.

ಇಷ್ಟು ಕೇಳಿದ ಮೇಲೆ ಸೂರ್ಯ ಬಾಂಬಿನ ಹಾಗೆ ಸಿಡಿಯುತ್ತಿದ್ದಾನೆ ಅಂತ ಅನ್ನಿಸುತ್ತದೆ. ಹಾಗಿಲ್ಲ. ಸೂರ್ಯ ಬಹಳ ನಿಧಾನಿ. ಕಿಲೋಗೆ ಕಿಲೋ ಹೋಲಿಸಿದರೆ ಸುಮ್ನೆ ಕೂತ ಮನುಷ್ಯನ ದೇಹವೇ ಸೂರ್ಯನಿಗಿಂತ ಸಾವಿರಾರು ಪಟ್ಟು ಜಾಸ್ತಿ ಶಾಖ ಹುಟ್ಟಿಸುತ್ತದೆ. ಸೂರ್ಯನ ನಡುವೆ ಒಂದೂವರೆ ಕೋಟಿ ಡಿಗ್ರಿ ಇದ್ದರೂ ಎರಡು ಪ್ರೋಟಾನುಗಳು ಒಂದನ್ನೊಂದು ದೂಡುತ್ತವೆ, ಎರಡಕ್ಕೂ ಒಂದೇ ಬಗೆಯ ವಿದ್ಯುತ್ತು ಇರುವುದರಿಂದ. ಆ ಗೋಡೆ ಹತ್ತುವಷ್ಟು ವೇಗ ಅವಕ್ಕೆ ಇಲ್ಲ. ಕ್ವಾಂಟಂ ನಿಯಮದ ಪ್ರಕಾರ ಎಂದೋ ಒಮ್ಮೆ ಗೋಡೆಯೊಳಗಿಂದಲೇ ನುಸುಳುತ್ತವೆ. ನುಸುಳಿದರೂ ಸಾಲದು, ಆ ಕ್ಷಣದಲ್ಲೇ ಒಂದು ಪ್ರೋಟಾನು ನ್ಯೂಟ್ರಾನ್ ಆಗಿ ಬದಲಾಗಬೇಕು, ಅದು ಇನ್ನೂ ಅಪರೂಪ. ಹಾಗಾಗಿ ಒಂದು ಪ್ರೋಟಾನು ಜೋಡಿ ಸಿಗಲು ಸರಾಸರಿ ನೂರಾರು ಕೋಟಿ ವರ್ಷ ಕಾಯುತ್ತದೆ. ಈ ಕಾಯುವಿಕೆ ಇಲ್ಲದಿದ್ದರೆ ಸೂರ್ಯ ಯಾವಾಗಲೋ ಬರಿದಾಗುತ್ತಿದ್ದ, ಭೂಮಿಯ ಮೇಲೆ ಜೀವ ಬೆಳೆಯಲು ಸಮಯವೇ ಸಿಗುತ್ತಿರಲಿಲ್ಲ.

ಇಂಗಾಲದ ಹುಟ್ಟು ಇನ್ನೂ ಇಕ್ಕಟ್ಟಿನದು. ಎರಡು ಹೀಲಿಯಂ ಸೇರಿದರೆ ಬೆರಿಲಿಯಂ-8 ಆಗುತ್ತದೆ, ಅದು ಸೆಕೆಂಡಿನ ಕೋಟಿಯ ಕೋಟಿ ಭಾಗಕ್ಕಿಂತಲೂ ಕಡಿಮೆ ಹೊತ್ತು ಬದುಕಿ ಒಡೆದುಹೋಗುತ್ತದೆ. ಅಷ್ಟರೊಳಗೆ ಮೂರನೇ ಹೀಲಿಯಂ ಬಂದು ಸೇರಬೇಕು. ಹಾಗೆ ಸೇರಬೇಕಾದರೆ ಇಂಗಾಲದ ಒಳಮನೆಯಲ್ಲಿ ಸರಿಯಾದ ಎತ್ತರಕ್ಕೆ ಒಂದು ಮೆಟ್ಟಿಲು ಇರಲೇಬೇಕು, ಇಲ್ಲದಿದ್ದರೆ ಲೋಕದಲ್ಲಿ ಇಷ್ಟು ಇಂಗಾಲ ಇರಲು ಸಾಧ್ಯವಿಲ್ಲ ಅಂತ ಫ್ರೆಡ್ ಹಾಯ್ಲ್ 1953ರಲ್ಲಿ ವಾದಿಸಿದರು. ಪ್ರಯೋಗ ಮಾಡಿ ನೋಡಿದಾಗ ಸುಮಾರು 76.5 ಲಕ್ಷ ಎಲೆಕ್ಟ್ರಾನ್ ವೋಲ್ಟಿನಲ್ಲಿ ಆ ಮೆಟ್ಟಿಲು ಇತ್ತು. ಗಮನಿಸಿ, ಅಂಗಳದಲ್ಲಿ ಮೆಟ್ಟಿಲು ಇದ್ದ ಹಾಗೆ ಒಳಮನೆಯಲ್ಲೂ ಮೆಟ್ಟಿಲುಗಳಿವೆ, ಎತ್ತರ ಮಾತ್ರ ಲಕ್ಷಗಳಲ್ಲಿ.

ಬೆಸೆಯುತ್ತಾ ಹೋದರೆ ಕಬ್ಬಿಣದ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ಒಳಮನೆಯ ಹಿಡಿತ ಎಲ್ಲಕ್ಕಿಂತ ಬಿಗಿ. ಅದಕ್ಕಿಂತ ಮುಂದೆ ಬೆಸೆದರೆ ಶಕ್ತಿ ಬರುವುದಿಲ್ಲ, ಶಕ್ತಿ ಕೊಡಬೇಕಾಗುತ್ತದೆ. ಸೂರ್ಯನ ಎಂಟು ಪಟ್ಟಿಗೂ ಮೇಲ್ಪಟ್ಟ ತೂಕದ ನಕ್ಷತ್ರದ ನಡುವೆ ಕಬ್ಬಿಣ ತುಂಬಿಕೊಂಡಾಗ ಒಲೆ ಆರಿದ ಹಾಗೆ, ನಡುಭಾಗ ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಕುಸಿಯುತ್ತದೆ, ಹೊರಪದರ ಸೂಪರ್‌ನೋವಾ ಆಗಿ ಸಿಡಿಯುತ್ತದೆ.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರುವಂತಿಲ್ಲ ಅಂತ 1925ರಲ್ಲಿ ಪೌಲಿ ಹೇಳಿದ ನಿಯಮ ಇದೆಯಲ್ಲ, ಅದರಿಂದಲೇ ಎಲೆಕ್ಟ್ರಾನುಗಳು ಪದರ ಪದರವಾಗಿ ನಿಲ್ಲುತ್ತವೆ, ಅದರಿಂದಲೇ ಆವರ್ತ ಕೋಷ್ಟಕಕ್ಕೆ ಆ ಆಕಾರ ಬಂದಿದೆ. ಅದೇ ನಿಯಮವೇ ಇಂಧನ ಮುಗಿದ ನಕ್ಷತ್ರವೊಂದು, ಅಂದರೆ ಶ್ವೇತ ಕುಬ್ಜ, ತನ್ನ ಭಾರಕ್ಕೆ ತಾನೇ ಕುಸಿಯದ ಹಾಗೆ ಎತ್ತಿ ಹಿಡಿದಿರುತ್ತದೆ. 1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ 19ರ ಸುಬ್ರಹ್ಮಣ್ಯನ್ ಚಂದ್ರಶೇಖರ್ ಈ ಆಸರೆಗೂ ಒಂದು ಮಿತಿ ಇದೆ ಅಂತ ಲೆಕ್ಕ ಹಾಕಿದರು. ಸೂರ್ಯನ ಸುಮಾರು 1.4 ಪಟ್ಟು, ಅದೇ ಆ ಮಿತಿ. ನಕ್ಷತ್ರದ ವಿಷಯದಲ್ಲಿ ಅಂಗಳಕ್ಕೆ ಕೆಲಸವಿಲ್ಲ ಅಂದುಕೊಂಡವರು ಇದನ್ನು ನೆನಪಿಡಿ.

ಬೆಳಕಿನ ಚಿಲ್ಲರೆ

ಈಗ ನನಗೆ ಅತಿ ಮುಖ್ಯ ಅನ್ನಿಸುವ ಕೊಂಡಿ. ಸೂರ್ಯನ ನಡುವೆ ಹುಟ್ಟುವ ಬೆಳಕು ಗಾಮಾ ಕಿರಣ, ಒಳಮನೆಯ ಅಳತೆಯದು, ಒಂದೊಂದು ಕಣವೂ ಲಕ್ಷಗಟ್ಟಲೆ ಎಲೆಕ್ಟ್ರಾನ್ ವೋಲ್ಟ್. ಅದು ನೇರ ನಮ್ಮ ಮೇಲೆ ಬಿದ್ದರೆ ಜೀವಕೋಶ ಉಳಿಯುವುದಿಲ್ಲ. ಆದರೆ ಅದು ನೇರ ಬರುವುದಿಲ್ಲ. ಸೂರ್ಯನೊಳಗಿನ ಎಲೆಕ್ಟ್ರಾನುಗಳಿಗೆ ಬಡಿದು, ತಿರುಗಿ, ಮತ್ತೆ ಬಡಿದು, ಒಂದು ಎರಡಾಗಿ, ಎರಡು ನೂರಾಗಿ, ಹೊರಗೆ ಬರುವಷ್ಟರಲ್ಲಿ ಸಾವಿರಾರು ವರ್ಷಗಳೇ ಕಳೆದಿರುತ್ತವೆ. ಒಂದು ಹೀಲಿಯಂ ಹುಟ್ಟಿದಾಗ ಬಂದ ಶಕ್ತಿ ಕೊನೆಗೆ ಕೋಟಿಗೂ ಹೆಚ್ಚು ಸಣ್ಣ ಬೆಳಕಿನ ಕಣಗಳಾಗಿ ಹರಡುತ್ತದೆ. ಹೊರಮೈಯ ಸುಮಾರು 5,500 ಡಿಗ್ರಿಯಲ್ಲಿ ಹೊರಡುವ ಬೆಳಕಿನ ಒಂದೊಂದು ಕಣದಲ್ಲಿ ಇರುವುದು ಒಂದೆರಡು ಎಲೆಕ್ಟ್ರಾನ್ ವೋಲ್ಟ್. ಅಂದರೆ ಸರಿಯಾಗಿ ಅಂಗಳದ ಅಳತೆ! ದೊಡ್ಡ ನೋಟನ್ನು ಚಿಲ್ಲರೆ ಮಾಡಿಸಿದ ಹಾಗೆ. ಎಲೆಯಲ್ಲಿರುವ ಕ್ಲೋರೋಫಿಲ್ ಈ ಚಿಲ್ಲರೆ ತೆಗೆದುಕೊಂಡು ತನ್ನ ಒಂದು ಎಲೆಕ್ಟ್ರಾನನ್ನು ಒಂದು ಮೆಟ್ಟಿಲು ಮೇಲಕ್ಕೆ ಎತ್ತುತ್ತದೆ. ಅಲ್ಲಿಂದ ಸಕ್ಕರೆ, ಅಲ್ಲಿಂದ ನಾವು. ನಮ್ಮ ಕಣ್ಣಿಗೆ ಕಾಣುವ ಬೆಳಕೂ ಅದೇ ಅಳತೆಯದ್ದು, ಕಾರಣ ಕಣ್ಣಿನ ಒಳಗೆ ನಡೆಯುವುದೂ ಎಲೆಕ್ಟ್ರಾನಿನ ಕೆಲಸವೇ.

ಒಂದು ಪರಮಾಣುವಿನ ಜಾತಕ ಬರೆಯಿರಿ

ಇಲ್ಲಿಯವರೆಗೆ ಬಂದವರು ಈಗ ನೋಟ್‌ಬುಕ್ ತೆರೆಯಿರಿ. ಒಂದು ಧಾತು ಆರಿಸಿಕೊಂಡು ಐದು ಪ್ರಶ್ನೆ ಬರೆಯಿರಿ. ಎಷ್ಟು ಪ್ರೋಟಾನು? ಒಳಮನೆ ಕಟ್ಟಿದ್ದು ಎಲ್ಲಿ? ಗ್ರಹಕ್ಕೆ ಹೇಗೆ ಸೇರಿತು? ಹೊರಗಿನ ಎಲೆಕ್ಟ್ರಾನುಗಳ ಸ್ವಭಾವ ಏನು? ಜೀವ ಅದನ್ನು ಯಾತಕ್ಕೆ ಇಟ್ಟುಕೊಂಡಿದೆ? ನಾನು ಕಬ್ಬಿಣದ್ದು ಮಾಡಿ ತೋರಿಸುತ್ತೇನೆ.

ಪ್ರೋಟಾನು 26, ಹೆಚ್ಚಿನವಕ್ಕೆ ನ್ಯೂಟ್ರಾನು 30. ತಮಾಷೆ ಏನೆಂದರೆ ಕಬ್ಬಿಣ ಬಹುಪಾಲು ಕಬ್ಬಿಣವಾಗಿ ಹುಟ್ಟುವುದೇ ಇಲ್ಲ. ನಕ್ಷತ್ರ ಸಿಡಿಯುವಾಗ ಹುಟ್ಟುವುದು ನಿಕಲ್-56, ಪ್ರೋಟಾನು 28, ನ್ಯೂಟ್ರಾನು 28. ಸುಮಾರು 6 ದಿನಕ್ಕೆ ಅದರಲ್ಲಿ ಅರ್ಧ ಕೋಬಾಲ್ಟ್-56 ಆಗುತ್ತದೆ. ಅದರಲ್ಲಿ ಅರ್ಧ ಸುಮಾರು 77 ದಿನಕ್ಕೆ ಕಬ್ಬಿಣ-56. ಸೂಪರ್‌ನೋವಾ ತಿಂಗಳುಗಟ್ಟಲೆ ಹೊಳೆಯುತ್ತಾ ಮೆಲ್ಲಗೆ ಮಂಕಾಗುವುದು ಈ ಬದಲಾವಣೆಯ ಬಿಸಿಯಿಂದಲೇ. ಅಂದರೆ ದೂರದ ಗ್ಯಾಲಕ್ಸಿಯಲ್ಲಿ ಒಂದು ಸೂಪರ್‌ನೋವಾ ಮಂಕಾಗುವುದನ್ನು ನೋಡುತ್ತಿದ್ದರೆ, ನೀವು ಕಬ್ಬಿಣ ಹುಟ್ಟುವುದನ್ನೇ ನೋಡುತ್ತಿದ್ದೀರಿ. ನಮ್ಮ ಕಬ್ಬಿಣದಲ್ಲಿ ದೊಡ್ಡ ಪಾಲು ಸಿಡಿದ ಶ್ವೇತ ಕುಬ್ಜಗಳದ್ದು, ಉಳಿದದ್ದು ಕುಸಿದ ದೊಡ್ಡ ನಕ್ಷತ್ರಗಳದ್ದು.

ಆ ದೂಳು ಸೇರಿದ ಒಂದು ಮೋಡ ಸುಮಾರು 456 ಕೋಟಿ ವರ್ಷದ ಹಿಂದೆ ಕುಗ್ಗಿ ಸೂರ್ಯ, ಗ್ರಹಗಳಾದವು. ಇಲ್ಲಿಂದ ಅಂಗಳದ ಆಟ ಶುರು. ಸೂರ್ಯನ ಹತ್ತಿರದ ಬಿಸಿಯಲ್ಲಿ ಗಟ್ಟಿಯಾಗಿ ಉಳಿಯಬಲ್ಲದ್ದು ಬಿಗಿಯಾಗಿ ಕೂಡಿಕೊಳ್ಳುವ ಲೋಹ ಮತ್ತು ಕಲ್ಲು ಮಾತ್ರ. ನೀರಿನ ಮಂಜುಗಡ್ಡೆಗೆ ಇನ್ನೂ ದೂರದ ಚಳಿ ಬೇಕು. ಹೀಲಿಯಂ ಅಂಗಳ ಪೂರ್ತಿ ತುಂಬಿದ್ದು, ಅದು ಯಾರ ಜೊತೆಗೂ ಸೇರುವುದಿಲ್ಲ. ಹಾಗಾಗಿ ವಿಶ್ವದಲ್ಲಿ ಎರಡನೇ ಸ್ಥಾನದಲ್ಲಿರುವ ಧಾತು ಭೂಮಿಯಲ್ಲಿ ಅಪರೂಪ. ಗುರುವಿನಂತಹ ಭಾರಿ ಗ್ರಹಗಳು ಅದನ್ನು ಬರಿಯ ಸೆಳೆತದಿಂದ ಹಿಡಿದಿಟ್ಟುಕೊಂಡವು, ನಮ್ಮದಕ್ಕೆ ಆ ಶಕ್ತಿ ಇಲ್ಲ.

ಭೂಮಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕಬ್ಬಿಣ. ಭೂಮಿ ಕರಗಿದ್ದ ಕಾಲದಲ್ಲಿ ಅದರ ಬಹುಪಾಲು ನಡುವಿಗೆ ಇಳಿಯಿತು, ಚಿನ್ನ ಪ್ಲಾಟಿನಂಗಳನ್ನೂ ತನ್ನ ಜೊತೆ ಎಳೆದುಕೊಂಡು ಹೋಯಿತು. ಆ ಕರಗಿದ ಕಬ್ಬಿಣದ ಹರಿದಾಟದಿಂದಲೇ ಭೂಮಿಗೆ ಕಾಂತಕ್ಷೇತ್ರ ಬಂದಿದ್ದು. ಹಾಗಾದರೆ ನಮ್ಮ ರಕ್ತಕ್ಕೆ ಕಬ್ಬಿಣ ಎಲ್ಲಿಂದ ಬಂತು? ಕೆಲವು ಕಬ್ಬಿಣದ ಪರಮಾಣುಗಳು ಆಗಲೇ ತಮ್ಮ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಟ್ಟು ಕಲ್ಲಿನ ಭಾಗವಾಗಿಬಿಟ್ಟಿದ್ದವು. ಕಲ್ಲು ಹಗುರ, ಮೇಲೆ ಉಳಿಯಿತು. ಎಲೆಕ್ಟ್ರಾನ್ ಕೊಟ್ಟವು ಮೇಲೆ, ಕೊಡದವು ಕೆಳಗೆ. ಒಂದು ಗ್ರಹದ ಹೊಟ್ಟೆ ಮತ್ತು ಮೈ ಬೇರೆಯಾಗಿದ್ದು ಇಷ್ಟು ಸಣ್ಣ ವ್ಯವಹಾರದಿಂದ.

ಕೊನೆಯ ಎರಡು ಪ್ರಶ್ನೆ ಒಟ್ಟಿಗೇ ನೋಡೋಣ. ಕಬ್ಬಿಣಕ್ಕೆ ಎರಡು ಎಲೆಕ್ಟ್ರಾನ್ ಕೊಟ್ಟೂ ಇರಬಹುದು, ಮೂರು ಕೊಟ್ಟೂ ಇರಬಹುದು. ಈ ಸಡಿಲ ಸ್ವಭಾವವೇ ಅದರ ಬಂಡವಾಳ. ಎರಡು ಕೊಟ್ಟ ಕಬ್ಬಿಣ ನೀರಿನಲ್ಲಿ ಕರಗುತ್ತದೆ, ಮೂರು ಕೊಟ್ಟದ್ದು ಹೆಚ್ಚು ಕರಗುವುದಿಲ್ಲ. ಹಳೆಯ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ, ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡಲು ತೊಡಗಿದ ಮೇಲೆ, ತುಕ್ಕಾಗಿ ತಳಕ್ಕೆ ಬಿತ್ತು. ಕೆಂಪು ಪಟ್ಟೆಗಳಿರುವ ಆ ಹಳೆಯ ಬಂಡೆಗಳೇ ಇಂದು ಕಬ್ಬಿಣದ ಅದಿರು. ಇನ್ನು ದೊಡ್ಡವರ ದೇಹದಲ್ಲಿ ಇರುವುದು ಸುಮಾರು 4 ಗ್ರಾಂ. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕೇ ಕಬ್ಬಿಣದ ಪರಮಾಣು, ಒಂದೊಂದೂ ಒಂದು ಆಮ್ಲಜನಕದ ಅಣುವನ್ನು ಹಿಡಿಯುತ್ತದೆ. ತುಕ್ಕಿನಲ್ಲೂ ಅವೇ ಇಬ್ಬರು, ಕಬ್ಬಿಣ ಮತ್ತು ಆಮ್ಲಜನಕ. ಅಲ್ಲಿ ಹಿಡಿದರೆ ಬಿಡುವುದಿಲ್ಲ. ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣವನ್ನು ಒಂದು ಗೂಡಿನಲ್ಲಿ ಕೂರಿಸಿ, ಸುತ್ತ ಪ್ರೋಟೀನಿನ ಗೋಡೆ ಕಟ್ಟಿದ್ದರಿಂದ ಅದು ಶ್ವಾಸಕೋಶದಲ್ಲಿ ಹಿಡಿದು, ಸ್ನಾಯುವಿನಲ್ಲಿ ಬಿಡುತ್ತದೆ.

ಜೀವಕ್ಕೆ ಇಂಗಾಲವೇ ಯಾಕೆ

ಆವರ್ತ ಕೋಷ್ಟಕದಲ್ಲಿ ಇಂಗಾಲದ ಕೆಳಗೆ ಸಿಲಿಕಾನ್ ಇದೆ. ಎರಡಕ್ಕೂ ಹೊರಗೆ ನಾಲ್ಕು ಎಲೆಕ್ಟ್ರಾನ್, ಎರಡೂ ನಾಲ್ಕು ಕೈ ಚಾಚಬಲ್ಲವು. ಭೂಮಿಯ ಹೊರಪದರದ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಸಿಲಿಕಾನೇ ಇದೆ. ಆದರೂ ಜೀವ ಆರಿಸಿಕೊಂಡದ್ದು ಇಂಗಾಲವನ್ನು. ಕಾರಣ ಅಂಗಳದ ಗಾತ್ರದಲ್ಲಿದೆ. ಇಂಗಾಲದ ಪರಮಾಣು ಸಣ್ಣದು, ಹಾಗಾಗಿ ಪಕ್ಕದ ಇಂಗಾಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಉದ್ದುದ್ದ ಸರಪಳಿ ಕಟ್ಟುತ್ತದೆ, ಜೋಡಿ ಕೈ ಹಿಡಿಯುವುದೂ ಅದಕ್ಕೆ ಸುಲಭ. ಸಿಲಿಕಾನ್ ಆಮ್ಲಜನಕ ಸಿಕ್ಕರೆ ಮರಳಾಗಿಬಿಡುತ್ತದೆ, ಅಂದರೆ ಕಲ್ಲು. ಇಂಗಾಲ ಆಮ್ಲಜನಕದ ಜೊತೆ ಸೇರಿದರೆ ಗಾಳಿಯಲ್ಲಿ ತೇಲುವ, ನೀರಿನಲ್ಲಿ ಕರಗುವ ಅನಿಲ. ಉಸಿರಿನಲ್ಲಿ ಹೊರಗೆ ಬಿಡಬಹುದು, ಗಿಡ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳಬಹುದು. ಪ್ರತಿ ಉಸಿರಿಗೂ ಮರಳು ಬಿಡುವ ಪ್ರಾಣಿಯನ್ನು ಊಹಿಸಿಕೊಂಡರೆ ಈ ವ್ಯತ್ಯಾಸ ಮರೆಯುವುದಿಲ್ಲ.

ನೀರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನೀರಿನ ಅಣುಗಳ ನಡುವಿನ ಹೈಡ್ರೋಜನ್ ಕೊಂಡಿ ಅಣುವಿನ ಒಳಗಿನ ಕೊಂಡಿಗಿಂತ ಸುಮಾರು ಇಪ್ಪತ್ತು ಪಟ್ಟು ಮೆತ್ತಗೆ. ಆ ಮೆತ್ತಗಿನ ಕೊಂಡಿಯೇ ಡಿಎನ್ಎಯ ಎರಡು ಎಳೆಗಳನ್ನೂ ಹಿಡಿದಿದೆ. ಒಂದೊಂದು ಎಳೆಯ ಉದ್ದಕ್ಕೆ ಗಟ್ಟಿ ಕೊಂಡಿ, ಎರಡು ಎಳೆಗಳ ನಡುವೆ ಮೆತ್ತಗಿನ ಕೊಂಡಿ, ಅದಕ್ಕೇ ಎಳೆ ಹರಿಯದೆ ಜಿಪ್ ಮಾತ್ರ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ತಿದ್ದುಪಡಿ. ನಾವೆಲ್ಲ ನಕ್ಷತ್ರದ ದೂಳು ಅಂತ ಹೇಳುವ ರೂಢಿ ಇದೆ. ಅದು ಪೂರ್ತಿ ಸರಿಯಲ್ಲ. ದೇಹದ ಪರಮಾಣುಗಳನ್ನು ಎಣಿಸಿದರೆ ಸುಮಾರು ಶೇಕಡ 60ಕ್ಕೂ ಹೆಚ್ಚು ಹೈಡ್ರೋಜನ್, ಅದು ಯಾವ ನಕ್ಷತ್ರದಲ್ಲೂ ಹುಟ್ಟಿದ್ದಲ್ಲ. ಅದರ ಪ್ರೋಟಾನುಗಳು ಸುಮಾರು 1,380 ಕೋಟಿ ವರ್ಷದ ಹಿಂದೆ, ಮಹಾಸ್ಫೋಟದ ಮೊದಲ ಕ್ಷಣಗಳಲ್ಲೇ ಆದವು. ತೂಕದ ಲೆಕ್ಕದಲ್ಲಿ ಮಾತ್ರ ನಾವು ಹೆಚ್ಚಾಗಿ ನಕ್ಷತ್ರದವರು, ಆಮ್ಲಜನಕ ಶೇಕಡ 65, ಇಂಗಾಲ ಶೇಕಡ 18.

ನಿಮಗೆ ಬಿಟ್ಟದ್ದು

ಮುಂದಿನ ಜಾತಕ ನೀವೇ ಬರೆಯಬೇಕು. ನಾನು ಹೇಳುವುದಾದರೆ ಪೊಟ್ಯಾಸಿಯಂ ತೆಗೆದುಕೊಳ್ಳಿ, ಅದರಲ್ಲಿ ಒಳಮನೆ ಮತ್ತು ಅಂಗಳ ಎರಡೂ ಒಟ್ಟಿಗೆ ಕಾಣುತ್ತವೆ. ಹೊರಗೆ ಒಂದೇ ಒಂದು ಎಲೆಕ್ಟ್ರಾನ್, ಅದನ್ನು ಕೊಟ್ಟುಬಿಟ್ಟು ಅಯಾನ್, ಅಂದರೆ ವಿದ್ಯುತ್ತು ಹೊತ್ತ ಪರಮಾಣು, ಆಗುತ್ತದೆ. ಆ ಅಯಾನು, ಸೋಡಿಯಂ ಅಯಾನಿನ ಜೊತೆಗೆ, ಜೀವಕೋಶದ ಪೊರೆ ದಾಟಿ ಒಳಗೆ ಹೊರಗೆ ಓಡಾಡುವುದರಿಂದಲೇ ನರದಲ್ಲಿ ಸುದ್ದಿ ಹರಿಯುತ್ತದೆ, ನೀವು ಈ ಸಾಲು ಓದುವಾಗಲೂ. ಇದು ಅಂಗಳ. ಇನ್ನು ಅದರಲ್ಲಿ ಅತಿ ಸಣ್ಣ ಪಾಲು ಪೊಟ್ಯಾಸಿಯಂ-40, ಅರ್ಧ ಆಯುಸ್ಸು, ಅಂದರೆ ಅದರಲ್ಲಿ ಅರ್ಧ ಬದಲಾಗಲು ಹಿಡಿಯುವ ಕಾಲ, ಸುಮಾರು 125 ಕೋಟಿ ವರ್ಷ. ದೊಡ್ಡವರ ದೇಹದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4 ಸಾವಿರ ಪೊಟ್ಯಾಸಿಯಂ-40 ಪರಮಾಣುಗಳ ಒಳಮನೆ ಬದಲಾಗುತ್ತದೆ. ಭೂಮಿಯೊಳಗಿನ ಬಂಡೆಗಳಲ್ಲೂ ಇದೇ ನಡೆದಿದೆ, ಯುರೇನಿಯಂ ಮತ್ತು ಥೋರಿಯಂ ಜೊತೆ ಸೇರಿ ಅದು ಕೊಡುವ ಶಾಖ ಭೂಮಿಯನ್ನು ಇಂದಿಗೂ ಒಳಗಿಂದ ಬಿಸಿಯಾಗಿಟ್ಟಿದೆ. ಹಾಗೆ ಬದಲಾದವುಗಳಲ್ಲಿ ಹತ್ತರಲ್ಲಿ ಸುಮಾರು ಒಂದು ಆರ್ಗಾನ್-40 ಆಗುತ್ತದೆ. ಆರ್ಗಾನಿನ ಅಂಗಳ ತುಂಬಿದೆ, ಯಾರ ಜೊತೆಗೂ ಸೇರದು, ಬಂಡೆಯಿಂದ ನುಸುಳಿ ಗಾಳಿಗೆ ಬಂದು ಅಲ್ಲೇ ಉಳಿಯುತ್ತದೆ. ನಮ್ಮ ಗಾಳಿಯಲ್ಲಿ ಶೇಕಡ 0.93 ಆರ್ಗಾನ್, ಬಹುತೇಕ ಎಲ್ಲವೂ ಒಂದು ಕಾಲಕ್ಕೆ ಬಂಡೆಯೊಳಗಿನ ಪೊಟ್ಯಾಸಿಯಂ. ಒಮ್ಮೆ ಉಸಿರು ಎಳೆದುಕೊಂಡು ನೋಟ್‌ಬುಕ್ಕಿನ ಮೊದಲ ಸಾಲು ಬರೆಯಿರಿ: ಪ್ರೋಟಾನು 19.